ಊರಿನಿಂದ ಬಂದ ಮೇಲೆ ಜ್ವರವೇ? ರಕ್ತ ಪರೀಕ್ಷೆಗೆ ದಿನದ ಲೆಕ್ಕ ಬೇಕು

ಮಲೆನಾಡು ಮೂಲದವರಿಗೆ ‘ಮಂಗನ ಕಾಯಿಲೆ’ ಹೊಸ ಹೆಸರಲ್ಲ. ಆದರೆ ಅದರ ಗುಟ್ಟು ರಟ್ಟಾದದ್ದು ನಮ್ಮ ಪಕ್ಕದ ಪುಣೆಯಲ್ಲಿ ಎಂಬುದನ್ನು ಮುಂಬಯಿ ಕನ್ನಡಿಗರಲ್ಲಿ ಬಲ್ಲವರು ಕಡಿಮೆ. ಅಡಿಕೆ ಕೊಯ್ಲು, ಮದುವೆ, ದೇವರ ಕಾರ್ಯ ಎಂದು ಡಿಸೆಂಬರ್‌ನಿಂದ ಮೇ ತನಕ ಊರಿಗೆ ಹೋಗಿ ಬರುವವರು ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು.

1957ರ ಮಾರ್ಚ್‌ನಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಮೊದಲು ಟೈಫಾಯ್ಡ್ ಇರಬಹುದೆಂಬ ಗುಮಾನಿ. ಮಂಗ, ಮನುಷ್ಯ ಇಬ್ಬರೂ ಸಾಯುವುದನ್ನು ಕಂಡ ಮೇಲೆ, ಭಾರತದಲ್ಲಿ ಅದುವರೆಗೆ ಇಲ್ಲದ ಹಳದಿ ಜ್ವರ ಕಾಲಿಟ್ಟಿತೇ ಎಂಬ ದಿಗಿಲು. 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಅಲ್ಲಿಗೆ ಧಾವಿಸಿತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ, ಇದೇ.

ಸತ್ತ ಮಂಗಗಳಲ್ಲೂ ಜ್ವರ ಪೀಡಿತರಲ್ಲೂ ವೈರಸ್ ಸಿಕ್ಕಿತು. ಆದರೆ ಅದು ಯಾವುದು? ಇಲ್ಲಿ ಕೈಹಿಡಿದದ್ದು ಪ್ರತಿಕಾಯ ಪರೀಕ್ಷೆ. ವೈರಸ್ ಮೈಗೆ ಹೊಕ್ಕಾಗ ದೇಹ ಅದರ ವಿರುದ್ಧ ತಯಾರಿಸುವ ಪ್ರೋಟೀನೇ ಪ್ರತಿಕಾಯ, ಅರ್ಥಾತ್ ಆ್ಯಂಟಿಬಾಡಿ. ಬೀಗಕ್ಕೆ ತಕ್ಕ ಕೀಲಿಯಂತೆ ಅದು ತನ್ನ ವೈರಸ್ಸಿಗೆ ಅಂಟಿಕೊಳ್ಳುತ್ತದೆ. ಗೊತ್ತಿರುವ ವೈರಸ್‌ಗಳ ಪ್ರತಿಕಾಯವಿರುವ ಸೀರಮ್‌ಗಳ ಜೊತೆ ಕ್ಯಾಸನೂರಿನ ವೈರಸ್ಸನ್ನು ಹೋಲಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ವಸಂತ, ಬೇಸಗೆಗಳಲ್ಲಿ ಬರುವ ಮೆದುಳು ಜ್ವರದ ವೈರಸ್ಸಿನ ನೆಂಟ ಎಂದು ತಿಳಿಯಿತು. ಆ ಗುಂಪಿನ ರೋಗವನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ತನಿಖೆಯ ದಿಕ್ಕೇ ಬದಲಾಯಿತು. ಕಾಡಿನ ತರಗೆಲೆಗಳ ನಡುವಿನ ಉಣುಗುಗಳತ್ತ ತಜ್ಞರ ಕಣ್ಣು ಹೊರಳಿತು. ಅಪರಾಧಿ ಅಲ್ಲೇ ಸಿಕ್ಕಿಬಿತ್ತು.

ಅಂದು ದಿನಗಟ್ಟಲೆ ಹಿಡಿಯುತ್ತಿದ್ದ ಇಂಥ ಕೆಲಸವನ್ನು ಇಂದು ‘ಎಲೈಸಾ’ ಎಂಬ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮಾಡುತ್ತದೆ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ರೋಗಿಗಳ ಸೀರಮ್ ಹಾಕುತ್ತಾರೆ. ಪ್ರತಿಕಾಯ ಇದ್ದರೆ ಕೊನೆಯಲ್ಲಿ ಬಣ್ಣ ಮೂಡುತ್ತದೆ. ಇದರಲ್ಲಿ ಎರಡು ಬಗೆಯ ಪ್ರತಿಕಾಯಗಳನ್ನು ಹುಡುಕುತ್ತಾರೆ. ಮೊದಲು ಏಳುವುದು ‘ಐಜಿಎಂ’. ಅದು ಕಂಡರೆ ಸೋಂಕು ಇತ್ತೀಚಿನದು. ಆಮೇಲೆ ಬಂದು ವರ್ಷಗಟ್ಟಲೆ ಉಳಿಯುವುದು ‘ಐಜಿಜಿ’. ಅದು ಹಳೆಯ ಸೋಂಕಿನ ಸಾಕ್ಷಿ.

ಕಾಯಿಲೆ ಬಂದದ್ದೇ ತಿಳಿಯದವರನ್ನೂ ಲೆಕ್ಕಕ್ಕೆ ತರುವುದು ಈ ಎರಡನೆಯದು. ಕೊರೊನಾ ಕಾಲದಲ್ಲಿ, 2020ರ ಜುಲೈಯಲ್ಲಿ, ಮಾಟುಂಗಾ, ಚೆಂಬೂರು ಪಶ್ಚಿಮ, ದಹಿಸರ್ ವಾರ್ಡುಗಳಲ್ಲಿ 6,936 ಮಂದಿಯ ರಕ್ತ ಪರೀಕ್ಷಿಸಿದಾಗ ಕೊಳೆಗೇರಿಗಳಲ್ಲಿ ಶೇ. 57, ಉಳಿದೆಡೆ ಶೇ. 16 ಮಂದಿಯಲ್ಲಿ ಪ್ರತಿಕಾಯ ಸಿಕ್ಕಿತ್ತು. ಆಸ್ಪತ್ರೆಯ ಪಟ್ಟಿಯಲ್ಲಿ ಇವರಲ್ಲಿ ಬಹುಪಾಲು ಜನರ ಹೆಸರೇ ಇರಲಿಲ್ಲ.

ಆದರೆ ಒಬ್ಬ ರೋಗಿಯ ಮಟ್ಟಿಗೆ ಈ ಪರೀಕ್ಷೆಗೆ ದೊಡ್ಡ ತೊಡಕೊಂದಿದೆ. ಪ್ರತಿಕಾಯ ಏಳಲು ನಾಲ್ಕೈದು ದಿನ ಬೇಕು. ಜ್ವರದ ಎರಡನೇ ದಿನವೇ ಐಜಿಎಂ ಪರೀಕ್ಷೆ ಮಾಡಿಸಿ ‘ನೆಗೆಟಿವ್’ ಎಂದು ನೆಮ್ಮದಿಯಿಂದ ಕೂರುವವರು ನಮ್ಮಲ್ಲಿ ಎಷ್ಟಿಲ್ಲ! ಆರಂಭದ ದಿನಗಳಿಗೆ ವೈರಸ್ಸನ್ನೇ ಹುಡುಕುವ ಪರೀಕ್ಷೆ ಸರಿ: ಡೆಂಗ್ಯೂವಿಗೆ ‘ಎನ್‌ಎಸ್-1’, ಮಂಗನ ಕಾಯಿಲೆಗೆ ‘ಪಿಸಿಆರ್’. ಇನ್ನೊಂದು ಕಡೆ, ಡೆಂಗ್ಯೂವಿನ ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಲ್ಲದು. ಹೋದ ತಿಂಗಳ ಡೆಂಗ್ಯೂ ಇಂದಿನ ಬೇರೆ ಜ್ವರವನ್ನು ಮರೆಮಾಚಬಹುದು. ಡೆಂಗ್ಯೂ ಮತ್ತು ಮಂಗನ ಕಾಯಿಲೆಯ ವೈರಸ್‌ಗಳು ಒಂದೇ ಕುಟುಂಬದವು. ಇಂಥ ದಾಯಾದಿಗಳ ಪ್ರತಿಕಾಯಗಳು ಒಂದನ್ನು ಇನ್ನೊಂದೆಂದು ತೋರಿಸಿ ಮೋಸ ಮಾಡುವುದೂ ಉಂಟು. ಅದಕ್ಕೇ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆಯುವ ಹಳೆಯ ಕ್ರಮಕ್ಕೆ ಇಂದಿಗೂ ಬೆಲೆ. ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಅನುಮಾನಕ್ಕೆ ಎಡೆ ಕಡಿಮೆ. ಜ್ವರ ಇಳಿದ ಮೇಲೆ ಎರಡನೇ ಸಲ ಕೈ ಚಾಚಲು ಯಾರೂ ಬರುವುದಿಲ್ಲ ಎಂಬುದು ಬೇರೆ ಮಾತು.

ಸಂಘ ಸಂಸ್ಥೆಗಳ ಆರೋಗ್ಯ ಶಿಬಿರಗಳ ಬಗೆಗೂ ಒಂದು ಮಾತು. ಸಕ್ಕರೆ, ರಕ್ತದೊತ್ತಡ ನೋಡುವುದು ಸರಿಯೇ. ಜ್ವರವಿಲ್ಲದವರ ಸಾಲಿಗೆಲ್ಲ ಟೈಫಾಯ್ಡಿನ ವಿಡಾಲ್ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಹಿಂದಿನ ಸೋಂಕು ಅಥವಾ ಲಸಿಕೆಯ ಪ್ರತಿಕಾಯ ಅನೇಕರಲ್ಲಿ ಇದ್ದೇ ಇರುತ್ತದೆ.

ಮಂಗನ ಕಾಯಿಲೆ ಈಗ ಶಿವಮೊಗ್ಗ, ಉತ್ತರ ಕನ್ನಡಗಳಿಗೆ ಸೀಮಿತವಲ್ಲ. ವಯನಾಡು, ಗೋವಾಗಳಲ್ಲಿ ಕಂಡ ಬಳಿಕ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಬಂತು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು. ಅಂದರೆ ಊರಲ್ಲಿ ಕಚ್ಚಿಸಿಕೊಂಡವರಿಗೆ ಜ್ವರ ಬರುವುದು ಮುಂಬಯಿಗೆ ಮರಳಿದ ಮೇಲೆ. ಇಲ್ಲಿನ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗ್ಯೂ, ಮಲೇರಿಯಾ. ಅದು ಅವರ ತಪ್ಪಲ್ಲ. ತೋಟ, ಕಾಡು ಸುತ್ತಿ ಬಂದಿದ್ದೇವೆ ಎಂದು ನಾವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಜ್ವರ ಶುರುವಾದ ದಿನಾಂಕ, ಊರಿನ ಹೆಸರು, ಅಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಅದು, ಹಿಂದೆ ಡೆಂಗ್ಯೂ ಆಗಿದ್ದರೆ ಅದರ ಕಾಗದ, ಇಷ್ಟನ್ನು ಮೊದಲ ಭೇಟಿಯಲ್ಲೇ ವೈದ್ಯರ ಮುಂದಿಡಬೇಕು.

ಊರಲ್ಲಿರುವಾಗಲೇ ಮೈ ಬಿಸಿಯಾದರೆ ‘ಮುಂಬಯಿಗೆ ಹೋಗಿ ನೋಡೋಣ’ ಎಂದು ರೈಲು ಹತ್ತುವುದು ಬೇಡ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಆ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ನೆನಪು ತಾನಾಗಿಯೇ ಬರುತ್ತದೆ. ಅವರು ತೆಗೆದ ರಕ್ತದ ಮಾದರಿ ಸರಕಾರಿ ಪ್ರಯೋಗಾಲಯಕ್ಕೆ ಹೋಗುತ್ತದೆ.