ಕಟ್ಟಿದ ಹಣ ಬೇರೆ ಸಾಲಕ್ಕೆ ಜಮಾ ಆದರೆ?

ಮಂಗಳೂರಿನ ಬಂದರ್‌ನಲ್ಲಿ ಅಡಿಕೆ, ಕಾಳುಮೆಣಸು ಮಾರಿ, ಹಣ ಕೈಗೆ ಬಂದ ಕೂಡಲೇ ಸಾಲ ತೀರಿಸುವ ರೈತರು ಅನೇಕರಿದ್ದಾರೆ. ಹಣ ಕಟ್ಟಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಸಹಜ. ಆದರೆ ಅದು ಯಾವ ಸಾಲಕ್ಕೆ ಜಮಾ ಆಯಿತು ಎಂಬುದನ್ನೂ ನೋಡುವುದು ಅಗತ್ಯ.

ಒಂದು ಉದಾಹರಣೆ ನೋಡೋಣ. ರೈತರೊಬ್ಬರಿಗೆ ಒಂದೇ ಬ್ಯಾಂಕಿನಲ್ಲಿ ಎರಡು ಸಾಲಗಳಿವೆ. ಪಂಪ್‌ಸೆಟ್ ಸಾಲದ ಹಳೆಯ ಕಂತುಗಳು ಬಾಕಿ ಇವೆ. 50,000 ರೂ. ಬೆಳೆಸಾಲದ ಗಡುವು ಹತ್ತಿರ ಬಂದಿದೆ. ಬ್ಯಾಂಕು ನೇಮಿಸಿದ ವಸೂಲಿ ಏಜೆಂಟರು ಮನೆಗೆ ಬಂದಾಗ ಅವರು "ಇದು ಬೆಳೆಸಾಲಕ್ಕೆ" ಎಂದು ಬಾಯಲ್ಲಿ ಹೇಳಿ, ಆ ಸಾಲ ಪೂರ್ತಿ ತೀರುವಷ್ಟು ಹಣ ಕೊಟ್ಟರು. ರಶೀದಿಯಲ್ಲಿ ಸಾಲದ ಸಂಖ್ಯೆ ಇರಲಿಲ್ಲ. ಹಣ ಪಂಪ್‌ಸೆಟ್ ಸಾಲಕ್ಕೆ ಜಮಾ ಆಯಿತು. ಬೆಳೆಸಾಲ ಗಡುವು ಮೀರಿತು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಡಿ ಬೆಳೆಸಾಲವನ್ನು ಸಕಾಲದಲ್ಲಿ ತೀರಿಸಿದವರಿಗೆ ಶೇ. 3ರ ಹೆಚ್ಚುವರಿ ರಿಯಾಯಿತಿ ಇದೆ. 50,000 ರೂ.ಗೆ ವರ್ಷಕ್ಕೆ ಇದು 1,500 ರೂ. ಗಡುವು ಮೀರಿದರೆ ಈ ರಿಯಾಯಿತಿ ತಪ್ಪುತ್ತದೆ. ಸುಸ್ತಿದಾರರೆಂಬ ದಾಖಲೆಯಾದರೆ ಮುಂದಿನ ಸಾಲಕ್ಕೂ ತೊಡಕು.

ಕಾಯಿದೆ ಏನು ಹೇಳುತ್ತದೆ?

ಭಾರತೀಯ ಕರಾರು ಕಾಯಿದೆ, 1872ರ 59, 60 ಮತ್ತು 61ನೆಯ ಕಲಮುಗಳು ಇದೇ ವಿಷಯಕ್ಕೆ ಸಂಬಂಧಿಸಿವೆ.

59ನೆಯ ಕಲಂ: ಇಂಥ ಸಾಲಕ್ಕೆಂದು ಸ್ಪಷ್ಟವಾಗಿ ತಿಳಿಸಿ ಕೊಟ್ಟ ಹಣವನ್ನು ಸ್ವೀಕರಿಸಿದ ಮೇಲೆ ಅದನ್ನು ಆ ಸಾಲಕ್ಕೇ ಜಮಾ ಮಾಡತಕ್ಕದ್ದು. ಸಂದರ್ಭದಿಂದಲೇ ಉದ್ದೇಶ ತಿಳಿಯುವಂತಿದ್ದರೂ ಇದೇ ನಿಯಮ. ಉದಾಹರಣೆಗೆ, ಸಾಲ ಕೊಟ್ಟವರು ಒಂದು ಸಾಲದ 567 ರೂ. ಕೇಳಿ ಪತ್ರ ಬರೆದು, ನೀವು ಸರಿಯಾಗಿ 567 ರೂ. ಕಳುಹಿಸಿದರೆ ಅದು ಆ ಸಾಲಕ್ಕೇ ಸಲ್ಲಬೇಕು.

60ನೆಯ ಕಲಂ: ರೈತರು ಏನನ್ನೂ ತಿಳಿಸದಿದ್ದರೆ, ಪಾವತಿಗೆ ಬಂದಿರುವ ಯಾವ ನ್ಯಾಯಬದ್ಧ ಸಾಲಕ್ಕಾದರೂ ಜಮಾ ಮಾಡಿಕೊಳ್ಳುವ ಹಕ್ಕು ಸಾಲ ಕೊಟ್ಟವರದು.

61ನೆಯ ಕಲಂ: ಇಬ್ಬರೂ ಏನೂ ನಿರ್ಧರಿಸದಿದ್ದರೆ ಹಣ ಹಳೆಯ ಸಾಲಕ್ಕೆ ಮೊದಲು ಸಲ್ಲುತ್ತದೆ.

ಅಂದರೆ ಮೌನವಾಗಿ ಹಣ ಕೊಟ್ಟವರ ಹಕ್ಕು ಎದುರಿನವರ ಕೈಗೆ ಹೋಗುತ್ತದೆ. ಆದರೆ ಒಂದೇ ಸಾಲದಲ್ಲಿ ಮೊದಲು ಬಡ್ಡಿಗೆ, ಆಮೇಲೆ ಅಸಲಿಗೆ ಮುರಿದುಕೊಳ್ಳುವುದು ಸಾಮಾನ್ಯ ಪದ್ಧತಿ. ಅದು ತಪ್ಪು ಜಮೆಯಲ್ಲ. ಸಾಲಪತ್ರದ ಷರತ್ತುಗಳನ್ನೂ ಓದಿ ನೋಡಬೇಕು.

ತಪ್ಪು ಜಮೆಯಾದಾಗ ಅನುಸರಿಸಬೇಕಾದ ಕ್ರಮ

1. ಎರಡೂ ಸಾಲಗಳ ಲೆಕ್ಕಪಟ್ಟಿ ಪಡೆಯಿರಿ. ರಶೀದಿಯ ತಾರೀಕು ಮತ್ತು ಮೊತ್ತ ಎಲ್ಲಿ ಜಮಾ ಆಗಿದೆ ಎಂದು ಗುರುತಿಸಿರಿ.

2. ಏಜೆಂಟರೊಡನೆ ವಾದಿಸಿ ಫಲವಿಲ್ಲ. ಅಧಿಕೃತ ಏಜೆಂಟರಿಗೆ ಕೊಟ್ಟ ಹಣ ಬ್ಯಾಂಕಿಗೆ ಕೊಟ್ಟಂತೆಯೇ. ಅವರ ನಡತೆಗೂ ಬ್ಯಾಂಕೇ ಹೊಣೆ. ಆದ್ದರಿಂದ ಶಾಖೆಯ ಮ್ಯಾನೇಜರರಿಗೆ ಹೀಗೆ ಬರೆಯಿರಿ: "ಇಂಥ ದಿನ, ಇಂಥ ರಶೀದಿಯಂತೆ ಬೆಳೆಸಾಲಕ್ಕೆಂದು ತಿಳಿಸಿ ಕಟ್ಟಿದ ಹಣ ಪಂಪ್‌ಸೆಟ್ ಸಾಲಕ್ಕೆ ಜಮಾ ಆಗಿದೆ. ಕಟ್ಟಿದ ದಿನದಿಂದಲೇ ಸರಿಪಡಿಸಿ, ವಿಧಿಸಿದ ದಂಡ ಮತ್ತು ಹೆಚ್ಚಿನ ಬಡ್ಡಿ ತೆಗೆದು, ಹೊಸ ಲೆಕ್ಕಪಟ್ಟಿ ಕೊಡಬೇಕು." ರಶೀದಿಯ ನಕಲು ಲಗತ್ತಿಸಿರಿ, ಮೂಲ ಪ್ರತಿ ಕೊಡಬೇಡಿ. ದೂರಿನ ನಿಮ್ಮ ಪ್ರತಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿರಿ.

3. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ವಿಧಾನ ತಿಳಿಸುತ್ತಾರೆ.

4. ಸಾಲ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ್ದಾದರೆ ಒಂಬುಡ್ಸ್‌ಮನ್ ವ್ಯವಸ್ಥೆ ಅನ್ವಯಿಸದು. ಮೊದಲು ಸಂಘದ ಆಡಳಿತ ಮಂಡಳಿಗೆ ಬರೆಯಿರಿ. ಸರಿಯಾಗದಿದ್ದರೆ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, 1959ರ 70ನೆಯ ಕಲಮಿನಂತೆ ಸಹಕಾರ ಸಂಘಗಳ ರಿಜಿಸ್ಟ್ರಾರರ ಮುಂದೆ ವಿವಾದ ಸಲ್ಲಿಸಬಹುದು.

ತಕರಾರು ನಡೆಯುತ್ತಿದೆ ಎಂದು ಉಳಿದ ಕಂತುಗಳನ್ನು ನಿಲ್ಲಿಸಬೇಡಿ. ಏಜೆಂಟರು ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದೆಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಸೂಚಿಸಿದೆ. ಬೆದರಿಕೆ, ಅವಾಚ್ಯ ಮಾತುಗಳಿಗೂ ಅವಕಾಶವಿಲ್ಲ.

ಹಣ ಕೊಡುವ ಮುನ್ನ ಏಜೆಂಟರ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ನೋಡಿರಿ. ರಶೀದಿಯಲ್ಲಿ ಸಾಲದ ಹೆಸರು, ಸಂಖ್ಯೆ, ಮೊತ್ತ, ತಾರೀಕು ಬರೆಸಿರಿ. ಒಂದು ವಾರದೊಳಗೆ ಲೆಕ್ಕ ತಾಳೆ ನೋಡಿರಿ. ಅಡಿಕೆ ತೂಗುವಾಗ ತಕ್ಕಡಿಯ ಮುಳ್ಳು ನೋಡುವ ನಾವು, ಅದರ ಹಣ ಕಟ್ಟುವಾಗ ರಶೀದಿಯನ್ನೂ ಅಷ್ಟೇ ಎಚ್ಚರದಿಂದ ಓದಬೇಕು.