ಬ್ಲ್ಯಾಕ್‌ಫುಟ್ ಜನಾಂಗದ ಶಬ್ದಗಳಲ್ಲಿ ಇತಿಹಾಸ

ಶಾಸನವೂ ಓಲೆಗರಿಯೂ ಇಲ್ಲದ ಜನಾಂಗಕ್ಕೆ ಇತಿಹಾಸವೂ ಇಲ್ಲವೆಂದು ಹೇಳುವುದು ಪಂಡಿತರಲ್ಲಿ ಬಹುಕಾಲ ರೂಢಿಯಾಗಿದ್ದಿತು. ಈ ಅಭಿಪ್ರಾಯವು ಎಷ್ಟು ದುರ್ಬಲವಾದುದೆಂಬುದಕ್ಕೆ ಉತ್ತರ ಅಮೆರಿಕದ ಬ್ಲ್ಯಾಕ್‌ಫುಟ್ ಜನಾಂಗವು ಒಳ್ಳೆಯ ನಿದರ್ಶನವಾಗಿದೆ. ರಾಕಿ ಪರ್ವತಗಳ ಪೂರ್ವಕ್ಕೆ ಹಬ್ಬಿದ ಹುಲ್ಲುಗಾವಲಿನಲ್ಲಿ, ಈಗಿನ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ಮೊಂಟಾನಾದಲ್ಲಿಯೂ ಈ ಜನರು ನೆಲೆಸಿದ್ದಾರೆ. ಇವರಲ್ಲಿ ಸಿಕ್ಸಿಕಾ, ಕೈನಾಯ್, ಪೀಕಾನಿ ಎಂಬ ಮೂರು ಶಾಖೆಗಳುಂಟು. ಸಿಕ್ಸಿಕಾ ಎಂದರೆ ಕರಿಯ ಪಾದವುಳ್ಳವರು. ಬ್ಲ್ಯಾಕ್‌ಫುಟ್ ಎಂಬುದು ಇದರ ಭಾಷಾಂತರವೇ. ಅವರೆಲ್ಲರೂ ಒಟ್ಟಾಗಿ ತಮ್ಮನ್ನು ನೀತ್ಸಿತಪಿ, ಎಂದರೆ ನಿಜವಾದ ಜನರು, ಎಂದು ಕರೆದುಕೊಳ್ಳುವರು.

ಮೊದಲು ಒಂದು ಶಬ್ದವನ್ನು ಪರಿಶೀಲಿಸಬಹುದು. ಈ ಭಾಷೆಯಲ್ಲಿ ಕುದುರೆಗೆ ‘ಪೊನೊಕಾಓಮಿತಾ’ ಎಂದು ಹೆಸರು. ಇದು ಸಮಸ್ತಪದ. ‘ಪೊನೊಕಾ’ ಎಂದರೆ ಎಲ್ಕ್ ಎಂಬ ದೊಡ್ಡ ಜಿಂಕೆ. ‘ಇಮಿತಾ’ ಎಂದರೆ ನಾಯಿ. ಕುದುರೆಗೂ ನಾಯಿಗೂ ಏನು ಸಂಬಂಧವೆಂದು ಶಂಕೆ ಹುಟ್ಟಬಹುದು. ಕುದುರೆಯು ಬರುವುದಕ್ಕೆ ಮೊದಲು ಈ ಜನರ ಡೇರೆಗಳನ್ನೂ ಸಾಮಾನುಗಳನ್ನೂ ಕೋಲುಗಳಿಗೆ ಕಟ್ಟಿ ಎಳೆಯುತ್ತಿದ್ದ ಪ್ರಾಣಿಯು ನಾಯಿಯೇ. ಸುಮಾರು 1730ರ ವೇಳೆಗೆ ಕುದುರೆಯು ಅವರ ಕಣ್ಣಿಗೆ ಬಿದ್ದಿತು. 1787ರ ಚಳಿಗಾಲದಲ್ಲಿ ಪೀಕಾನಿಗಳ ಶಿಬಿರದಲ್ಲಿ ತಂಗಿದ್ದ ಡೇವಿಡ್ ಥಾಂಪ್ಸನ್ನನಿಗೆ ಸೌಕಮಾಪಿ ಎಂಬ ವೃದ್ಧನು ಆ ಪ್ರಥಮ ದರ್ಶನದ ವೃತ್ತಾಂತವನ್ನು ಹೇಳಿದನು: ಆ ಪ್ರಾಣಿಯು ಕೊಂಬು ಕಳೆದುಕೊಂಡ ಜಿಂಕೆಯಂತೆ ತೋರಿತಂತೆ, ನಾಯಿಯಂತೆ ಮನುಷ್ಯನ ಸೇವೆಯಲ್ಲಿದ್ದಿತಂತೆ. ಸಮಾಸದ ಪೂರ್ವಪದವು ಆಕಾರವನ್ನೂ ಉತ್ತರಪದವು ಕಾರ್ಯವನ್ನೂ ಸೂಚಿಸುತ್ತದೆ. ವೃದ್ಧನ ಮಾತೇ ಈ ಪದಕ್ಕೆ ವಿಗ್ರಹವಾಕ್ಯದಂತಿದೆ.

ಕಾಲಗಣನೆಯೂ ಅವರಲ್ಲಿ ಇಲ್ಲದೆ ಇರಲಿಲ್ಲ. ಪ್ರತಿಯೊಂದು ವರ್ಷಕ್ಕೂ ಆ ವರ್ಷದ ಒಂದು ಮುಖ್ಯ ಘಟನೆಯನ್ನೇ ಹೆಸರಾಗಿಟ್ಟು, ಆ ಹೆಸರುಗಳ ಅನುಕ್ರಮವನ್ನು ಹಿರಿಯರು ಕಂಠಸ್ಥವಾಗಿ ಕಾಪಾಡುತ್ತಿದ್ದರು. ಕೆಲವರು ಚರ್ಮದ ಮೇಲೆ ಚಿತ್ರಗಳನ್ನೂ ಬರೆಯುತ್ತಿದ್ದರು. ವರ್ಷವನ್ನು ಚಳಿಗಾಲದಿಂದ ಎಣಿಸುತ್ತಿದ್ದುದರಿಂದ ಇದಕ್ಕೆ ‘ಚಳಿಗಾಲದ ಎಣಿಕೆ’ ಎಂಬ ಹೆಸರು ಬಂದಿತು. ಕೈನಾಯ್ ಶಾಖೆಯ ನಾಯಕನಾದ ಬ್ಯಾಡ್ ಹೆಡ್ ಎಂಬಾತನ ಎಣಿಕೆಯು 1810ರಿಂದ 1883ರವರೆಗೆ ಹಬ್ಬಿದೆ. ಅದರಲ್ಲಿ ಒಂದು ವರ್ಷಕ್ಕೆ ನಕ್ಷತ್ರಗಳು ಬಿದ್ದ ವರ್ಷವೆಂದು ಹೆಸರು. 1833ನೆಯ ನವೆಂಬರಿನಲ್ಲಿ ಉತ್ತರ ಅಮೆರಿಕದ ಆಕಾಶದಲ್ಲಿ ಮಹಾ ಉಲ್ಕಾಪಾತವಾದದ್ದು ಜ್ಯೋತಿಷಿಗಳಿಗೆ ವಿದಿತವಾಗಿಯೇ ಇದೆ. ಗ್ರಹಣದ ಉಲ್ಲೇಖದಿಂದ ಶಾಸನದ ಕಾಲವನ್ನು ನಿರ್ಣಯಿಸುವ ಹಾಗೆ, ಇಲ್ಲಿ ಉಲ್ಕಾಪಾತದಿಂದ ಇಡೀ ಸರಣಿಯನ್ನು ಪರೀಕ್ಷಿಸಬಹುದು. 1837ರಲ್ಲಿ ಸಿಡುಬು ತಾಗಿ ಅಸಂಖ್ಯ ಜನರು ಮಡಿದ ಸಂಗತಿಯೂ ಈ ಎಣಿಕೆಯಲ್ಲಿದೆ. ಅವರ ಅನ್ನವಸ್ತ್ರಗಳಿಗೆ ಆಧಾರವಾಗಿದ್ದ ಬೈಸನ್ ಎಂಬ ಕಾಡುಪಶುಗಳು ಮೊದಲ ಬಾರಿಗೆ ಇಲ್ಲವಾದುದೇ 1879ರ ಹೆಸರು. ಒಂದು ಸಂಸಾರಕ್ರಮದ ಅವಸಾನವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಸುಲಭವಲ್ಲ.

ಈ ಭಾಷೆಯ ಅಧ್ಯಯನದಲ್ಲಿ ಅಗ್ರಗಣ್ಯನಾದವನು ಒಬ್ಬ ಸಂಸ್ಕೃತಜ್ಞನೆಂಬುದು ಗಮನಾರ್ಹ. ಹಾಲೆಂಡ್ ದೇಶದ ಉಲೆನ್‌ಬೆಕ್ (1866–1951) ಆಮ್‌ಸ್ಟರ್‌ಡ್ಯಾಮಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕನಾಗಿದ್ದು, ಸಂಸ್ಕೃತ ಶಬ್ದವ್ಯುತ್ಪತ್ತಿಕೋಶವೊಂದನ್ನು ರಚಿಸಿದ್ದನು. ಅವನು 1910 ಮತ್ತು 1911ರ ಬೇಸಗೆಗಳಲ್ಲಿ ಮೊಂಟಾನಾಕ್ಕೆ ಹೋಗಿ, ಜೋಸೆಫ್ ಟಾಟ್ಸಿ ಮೊದಲಾದವರ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡನು. 1938ರಲ್ಲಿ ವ್ಯಾಕರಣವನ್ನು ಪ್ರಕಟಿಸಿದನು. ಈ ಭಾಷೆಯಲ್ಲಿ ಪುಂಸ್ತ್ರೀಭೇದದ ಲಿಂಗವಿಲ್ಲ. ನಾಮಪದಗಳು ಚೇತನ, ಅಚೇತನ ಎಂದು ಎರಡು ಬಗೆಯಾಗುತ್ತವೆ. ಸೂರ್ಯಚಂದ್ರರು ಚೇತನವರ್ಗಕ್ಕೆ ಸೇರುವರು. ಉತ್ತಮಪುರುಷ ಬಹುವಚನದಲ್ಲಿ, ತೆಲುಗಿನ ‘ಮೇಮು’, ‘ಮನಮು’ಗಳಂತೆ, ಕೇಳುವವನನ್ನು ಬಿಟ್ಟು ಹೇಳುವ ರೂಪವೂ ಸೇರಿಸಿಕೊಂಡು ಹೇಳುವ ರೂಪವೂ ಬೇರೆಬೇರೆಯಾಗಿವೆ.

ಆದರೆ ಬಾಯಲ್ಲಿಯೇ ಇರುವ ಭಂಡಾರಕ್ಕೆ ಬಾಯಿ ಕಟ್ಟಿದರೆ ನಾಶವು ತಪ್ಪದು. ಎರಡೂ ದೇಶಗಳ ವಸತಿಶಾಲೆಗಳಲ್ಲಿ ಮಕ್ಕಳು ಮನೆಮಾತನ್ನಾಡಿದರೆ ದಂಡನೆಗೆ ಗುರಿಯಾಗುತ್ತಿದ್ದರು. ಆ ಶಾಲೆಗಳ ವಿಷಯದಲ್ಲಿ ಕೆನಡಾ ಸರಕಾರವು 2008ರಲ್ಲಿ ಕ್ಷಮೆ ಬೇಡಿತು. ಅಷ್ಟರಲ್ಲಿ ಭಾಷೆಯು ಬಹುಮಟ್ಟಿಗೆ ವೃದ್ಧರ ಬಾಯಲ್ಲಿ ಮಾತ್ರ ಉಳಿದಿದ್ದಿತು. ಮೊಂಟಾನಾದ ಬ್ರೌನಿಂಗ್ ಎಂಬ ಊರಿನಲ್ಲಿ 1987ರಲ್ಲಿ ಡ್ಯಾರೆಲ್ ಕಿಪ್ ಮೊದಲಾದವರು ಪೀಗನ್ ಸಂಸ್ಥೆಯನ್ನು ಸ್ಥಾಪಿಸಿ, ಅನಂತರ ಮಕ್ಕಳಿಗೆ ಆ ಭಾಷೆಯಲ್ಲಿಯೇ ಪಾಠ ಹೇಳುವ ಶಾಲೆಯನ್ನು ತೆರೆದರು. ಗ್ರಂಥಸ್ಥವಾದ ಮಾತ್ರಕ್ಕೆ ಭಾಷೆಯು ಬದುಕಿತೆಂದು ಹೇಳಲಾಗದು. ‘ಪೊನೊಕಾಓಮಿತಾ’ ಎಂಬ ಪದದಲ್ಲಿ ನಾಯಿಯನ್ನೂ ಜಿಂಕೆಯನ್ನೂ ಕಾಣಬಲ್ಲ ಮಗುವು ಇರುವವರೆಗೆ ಆ ಪದದೊಳಗಿನ ಇತಿಹಾಸವೂ ಉಳಿಯುವುದು.