ಇನ್ನೋವಾದಲ್ಲಿ ಮುಧೋಳದ ಬೇಟೆನಾಯಿ

2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಓಟದ ಹಾದಿಯನ್ನು, ಅಂದರೆ ಕರೆಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದಾಗ ಮಿಜಾರಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಸರಾಸರಿ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗ. ಪಂದ್ಯದ ಗ್ರೇಹೌಂಡ್ ನಾಯಿ ಗಂಟೆಗೆ 60 ಕಿ.ಮೀ. ದಾಟಿ ಓಡುತ್ತದೆ. ಆ ವೇಗದಲ್ಲಿ ಅಷ್ಟುದ್ದದ ಕರೆ ಒಂಬತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಇಂಥ ನಾಯಿಯೊಂದು ಮಿಜಾರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಬದಿಯಲ್ಲಿ ನಿಂತ ಕಾರಿನ ಬಾಗಿಲಿನಿಂದ ನುಸುಳಿ ಹೊರಬಿದ್ದರೆ ಹಿಂದೆ ಓಡಿ ಹಿಡಿಯಬಲ್ಲವರು ಯಾರೂ ಇಲ್ಲ, ಕಂಬಳದ ಓಟಗಾರರೂ ಸೇರಿದಂತೆ.

ವಾಸನೆ ಹಿಡಿದು ಹೋಗುವ ನಾಯಿಗಳಿವೆ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ನಾಯಿಗಳಿವೆ. ಎರಡನೆಯ ಗುಂಪಿನವೇ ಸೈಟ್‌ಹೌಂಡ್‌ಗಳು. ಗ್ರೇಹೌಂಡ್, ಸಲೂಕಿ, ವಿಪೆಟ್, ಅಫ್ಘಾನ್ ಹೌಂಡ್ ಎಲ್ಲ ಈ ಬಳಗದವು. ಕರ್ನಾಟಕದ ಮನೆಮಗ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ ತಳಿ ಅದು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಈ ತಳಿಯ ಹೆಸರೆತ್ತಿದ ಮೇಲೆ ಮರಿಗಳಿಗೆ ಬೇಡಿಕೆ ಏರಿತು.

ಬೇಡಿಕೆ ಏರಿದ ತಳಿ ಬೀದಿಗೂ ಬೀಳುತ್ತದೆ. ಅಂಗೈಯಲ್ಲಿ ಮುದ್ದಾಗಿ ಕಂಡ ಮರಿ ವರ್ಷ ತುಂಬುವಷ್ಟರಲ್ಲಿ ಹೆಗಲ ಬಳಿ 70 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ದಿನಕ್ಕೊಂದು ಭರ್ಜರಿ ಓಟ ಕೇಳುತ್ತದೆ, ಬೆಕ್ಕು ಕಂಡರೆ ಬಾಲ್ಕನಿ ಹಾರಲು ನೋಡುತ್ತದೆ. ಆಗ ಸಾಕಿದವರಿಗೆ ಸಾಕಾಗುತ್ತದೆ. ಹೀಗೆ ಕೈಬಿಟ್ಟ ನಾಯಿಗಳು ಬೆಂಗಳೂರಿನ ರಕ್ಷಣಾ ಕೇಂದ್ರಗಳಿಗೆ ಬಂದು ಸೇರುತ್ತವೆ, ಅಲ್ಲಿ ಮಿಜಾರಿನಂಥ ಊರುಗಳ ಅಂಗಳ, ತೋಟ ಇರುವ ಮನೆಗಾಗಿ ಕಾಯುತ್ತವೆ. ಹೊರದೇಶಗಳಲ್ಲಿ ಇದೇ ಕೆಲಸ ಗ್ರೇಹೌಂಡ್‌ಗಳಿಗಾಗಿ ದೊಡ್ಡ ಮಟ್ಟದಲ್ಲಿ ನಡೆದಿದೆ. 2018ರ ಜುಲೈನಲ್ಲಿ ಮಕಾವ್‌ನ ನಾಯಿ ಓಟದ ಮೈದಾನ ಮುಚ್ಚಿದಾಗ ಐನೂರಕ್ಕೂ ಹೆಚ್ಚು ಗ್ರೇಹೌಂಡ್‌ಗಳಿಗೆ ಮನೆ ಹುಡುಕಬೇಕಾಯಿತು. ಅದೇ ವರ್ಷ ಅಮೆರಿಕದ ಫ್ಲಾರಿಡಾದ ಮತದಾರರು ಅಂಥ ಓಟವನ್ನು 2020ರ ಕೊನೆಯೊಳಗೆ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ಓಡುವುದನ್ನಷ್ಟೇ ಕಲಿತ ನಾಯಿಗಳನ್ನು ವ್ಯಾನು, ಕಾರುಗಳಲ್ಲಿ ಕೂರಿಸಿ ಮನೆ ಸೇರಿಸಿದವರ ಅನುಭವ ನಮ್ಮ ಘಟ್ಟದ ರಸ್ತೆಗೂ ಒಪ್ಪುತ್ತದೆ.

ಕೂರಿಸಿ ಎಂದರೂ ಇವು ಕೂರುವುದು ಅಪರೂಪ. ತೊಡೆಯ ಉದ್ದನೆಯ ಸ್ನಾಯುಗಳೂ ಉಬ್ಬಿದ ಮೂಳೆಗಳೂ ಸೇರಿ ಹಲವು ಗ್ರೇಹೌಂಡ್‌ಗಳಿಗೆ ಕುಕ್ಕರುಗಾಲಲ್ಲಿ ಕೂರುವುದು ಹಿತವಲ್ಲ. ನಿಲ್ಲುತ್ತವೆ, ಇಲ್ಲವೇ ಉದ್ದಕ್ಕೆ ಮಲಗುತ್ತವೆ. ತಿರುವಿನಲ್ಲಿ ನಿಂತ ನಾಯಿಯ ಅವಸ್ಥೆ ನೋಡಬೇಕು. ಸಪೂರ ಕಾಲು, ಮೇಲೆ ಆಳವಾದ ಎದೆಗೂಡಿನ ಭಾರ; ಗಾಡಿ ವಾಲಿದಂತೆಲ್ಲ ಮೈಯೂ ವಾಲುತ್ತದೆ, ಉಗುರು ಪ್ಲಾಸ್ಟಿಕ್ ನೆಲದ ಮೇಲೆ ಜಾರುತ್ತದೆ, ಜಾರಿದಷ್ಟೂ ಗಾಬರಿ. ಚಾರ್ಮಾಡಿ ಇಳಿದು ಬೆಳ್ತಂಗಡಿ, ವೇಣೂರು ದಾಟಿ ಮೂಡುಬಿದಿರೆ ಕಡೆಗೆ ಬರುವ ಹಾದಿಯಲ್ಲಿ ಇಂಥ ತಿರುವುಗಳಿಗೆ ಬರವಿಲ್ಲ.

ಆದ್ದರಿಂದ ಈ ನಾಯಿಗೆ ಬೇಕಾದದ್ದು ಸೀಟಲ್ಲ, ಸಮತಟ್ಟಾದ ನೆಲ. ನಮ್ಮ ಕುಟುಂಬಗಳು ಮೆಚ್ಚಿದ ಏಳು ಸೀಟಿನ ಗಾಡಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದ ಇನ್ನೋವಾದ ಕೊನೆಯ ಸಾಲಿನ ಸೀಟುಗಳನ್ನು ಮಡಚಿ ಎರಡು ಬದಿಗೆ ಎತ್ತಿ ಕಟ್ಟಿದರೆ ನಡುವೆ ನೆಲ ಸಿಗುತ್ತದೆ. ಈಗಿನ ಎರ್ಟಿಗಾದಲ್ಲಿ ಕೊನೆಯ ಸಾಲು ಮಡಚಿ ಮಟ್ಟಸವಾಗಿ ಕೆಳಗೆ ಮಲಗುತ್ತದೆ. ಅದರ ಮೇಲೆ ಜಾರದ ರಬ್ಬರ್ ಚಾಪೆ, ಚಾಪೆಯ ಮೇಲೆ ದಪ್ಪನೆಯ ಹಾಸು. ಉತ್ತರ ಕರ್ನಾಟಕದ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿದರೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗಲಾರದು. ಚರ್ಮದಡಿ ಕೊಬ್ಬು ತೀರ ಕಡಿಮೆ ಇರುವ ಈ ದೇಹಕ್ಕೆ ಗಟ್ಟಿ ನೆಲ ಒತ್ತುತ್ತದೆ, ಮೊಣಕೈ ಜಡ್ಡುಗಟ್ಟುತ್ತದೆ. ಅದೇ ಕಾರಣಕ್ಕೆ ಎ.ಸಿ. ಗಾಳಿ ನೇರವಾಗಿ ಬಡಿದರೆ ನಡುಗುತ್ತದೆ.

ಹಾಸು ಸರಿಯಾಯಿತೆಂದರೆ ಮುಂದಿನದು ಸಲೀಸು. ಇವು ದೂರ ಓಡುವ ನಾಯಿಗಳಲ್ಲ, ಗಳಿಗೆಯ ಓಟಗಾರರು. ಒಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಮೈ ಪೂರ್ತಿ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ಅಷ್ಟು ಶಕ್ತಿ ಸುರಿದು ಓಡಿ ಉಳಿದ ಹೊತ್ತೆಲ್ಲ ನಿದ್ದೆ. ಹೊರಡುವ ಮುನ್ನ ಚೆನ್ನಾಗಿ ನಡೆಸಿದ ನಾಯಿ ನೆಲಮಂಗಲ ದಾಟುವ ಮೊದಲೇ ಕೌದಿಯ ಮೇಲೆ ಒರಗುವುದುಂಟು.

ಮಲಗಿದ ನಾಯಿಯನ್ನೂ ಕಟ್ಟಿರಬೇಕು. 25 ಕಿಲೋ ತೂಕದ ನಾಯಿ ಇರುವ ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಿ ಏನಕ್ಕಾದರೂ ಗುದ್ದಿ ನಿಂತರೆ, ನಾಯಿ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು ಬಲದಿಂದ ಮುಂದಕ್ಕೆ ಬಡಿಯುತ್ತದೆ. ಎದುರು ಸಾಲಿನಲ್ಲಿ ಮಕ್ಕಳಿದ್ದರೆ ಅವರಿಗೂ ಅದೇ ಏಟು. ಕಟ್ಟುವುದು ಕುತ್ತಿಗೆಗಲ್ಲ, ಎದೆಗೆ ಹಾಕುವ ಪಟ್ಟಿಗೆ. ಆ ಪಟ್ಟಿಗೆ ಪಕ್ಕೆಲುಬಿನ ಹಿಂದೆ, ಸೊಂಟ ಸಣ್ಣಗಾಗುವಲ್ಲಿ ಇನ್ನೊಂದು ಸುತ್ತು ಇರಲಿ. ಎದೆ ಅಗಲ, ಸೊಂಟ ಸಣ್ಣ ಇರುವ ನಾಯಿ ಸಾಮಾನ್ಯ ಪಟ್ಟಿಯಿಂದ ಹಿಂದಕ್ಕೆ ಸರಿದು ಕಳಚಿಕೊಳ್ಳುತ್ತದೆ.

ಕುತ್ತಿಗೆಯ ಕತೆಯೂ ಅದೇ. ಬಹುತೇಕ ಸೈಟ್‌ಹೌಂಡ್‌ಗಳ ತಲೆ ಕುತ್ತಿಗೆಗಿಂತ ಕಿರಿದು. ಮಾಮೂಲಿ ಬೆಲ್ಟು ಹಾಕಿ ಎಳೆದರೆ ನಾಯಿ ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಹೋಗುತ್ತದೆ, ಬೆಲ್ಟು ಕೈಯಲ್ಲೇ ಉಳಿಯುತ್ತದೆ. ಅದಕ್ಕೆಂದೇ ಎಳೆದಾಗ ತುಸು ಬಿಗಿಯಾಗಿ ಬಿಟ್ಟಾಗ ಸಡಿಲವಾಗುವ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ ಬಂದಿದೆ. ರಕ್ಷಿಸಿ ತಂದ ನಾಯಿಗೆ ಇದು ಇನ್ನೂ ಅಗತ್ಯ. ಎಷ್ಟೋ ನಾಯಿಗಳು ಹಿಂದೆ ಕಾರು ಹತ್ತಿದ್ದು ಬೀದಿಗೆ ಬಿಡಿಸಿಕೊಳ್ಳಲು ಮಾತ್ರ. ಹೆದರಿದ ನಾಯಿಗೆ ಹೊಸಬರ ದನಿ ನಂಬಿಕೆ ಕೊಡುವುದಿಲ್ಲ, ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದೂ ಇಲ್ಲ.

ದಾರಿಯಲ್ಲಿ ಗಾಡಿ ಓಡುವಾಗ ಇರುವುದಕ್ಕಿಂತ ನಿಂತಾಗಲೇ ಹೆಚ್ಚು ಎಚ್ಚರ ಬೇಕೆನ್ನಲು ನಾಯಿಯ ಕಣ್ಣೂ ಒಂದು ಕಾರಣ. ಮೂತಿ ಉದ್ದವಾದ ನಾಯಿಗಳ ಅಕ್ಷಿಪಟದಲ್ಲಿ ನೋಟದ ನರಕೋಶಗಳು ಅಡ್ಡಡ್ಡವಾಗಿ ಪಟ್ಟಿಯಂತೆ ಹರಡಿರುತ್ತವೆ, ಮೂತಿ ಮೊಂಡಾದ ನಾಯಿಗಳಲ್ಲಿ ನಡುವೆ ಗುಂಪಾಗಿರುತ್ತವೆ ಎಂಬುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ದಿಗಂತದುದ್ದಕ್ಕೂ ಏನು ಅಲುಗಿದರೂ ಹಿಡಿಯುವ ಕಣ್ಣದು. ಸಕಲೇಶಪುರದ ಬಳಿ ಚಹಾಕ್ಕೆಂದು ನಿಲ್ಲಿಸಿದಾಗ ರಸ್ತೆಯಾಚೆ ಕೋಳಿಯೊಂದು ಓಡಿದರೂ ಸಾಕು. ಹಾಗಾಗಿ ಮೊದಲು ಹಗ್ಗ ಕೈಗೆ ಸುತ್ತಿಕೊಳ್ಳಬೇಕು, ಇನ್ನೊಬ್ಬರು ಹೊರಗಿನಿಂದ ಬಾಗಿಲು ತೆರೆಯಬೇಕು, ಅದೂ ರಸ್ತೆಯ ಕಡೆಯದ್ದಲ್ಲ. ಡಿಕ್ಕಿಯ ಬಾಗಿಲು ಮುಚ್ಚುವಾಗ ಉದ್ದನೆಯ ಬಾಲ ಒಳಗಿದೆಯೇ ಎಂದು ನೋಡಬೇಕು. ಬಾಲದ ತುದಿಗೆ ಗಾಯವಾದರೆ ವಾಸಿಯಾಗಲು ವಾರಗಟ್ಟಲೆ ಬೇಕು.

1978ರ ಪ್ರಾಣಿ ಸಾಗಣೆ ನಿಯಮಗಳೂ ಇಲ್ಲಿ ನೆನಪಿಡಬೇಕಾದವು. ನಾಯಿಗೆ ಪಶುವೈದ್ಯರ ಆರೋಗ್ಯ ಪತ್ರ, ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು, ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಆಹಾರ ಎಂದು ಅವು ಹೇಳುತ್ತವೆ. ಕರಾವಳಿಯವರಿಗೆ ಇದು ಹೊಸ ಮಾತಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರು ಕಂಬಳಕ್ಕೆ ಹೊರಟ ಕೋಣಗಳ ಲಾರಿಗಳು ದಾರಿಯಲ್ಲಿ ಹಾಸನದಲ್ಲಿ ತಂಗಿ, ಕೋಣಗಳ ದಣಿವಾರಿಸಿಯೇ ಮುಂದೆ ಹೋದವು. ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವುದಂತೂ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ.

ಗಲಾಟೆ ಮಾಡದಿರಲೆಂದು ನಿದ್ದೆ ಮಾತ್ರೆ ಕೊಡುವವರಿದ್ದಾರೆ. ಇದು ಅಪಾಯ. ಗ್ರೇಹೌಂಡ್‌ಗಳ ಯಕೃತ್ತು ಥಯೋಪೆಂಟಲ್‌ನಂಥ ಅರಿವಳಿಕೆಗಳನ್ನು ಬೇರೆ ನಾಯಿಗಳಿಗಿಂತ ನಿಧಾನವಾಗಿ ಕರಗಿಸುತ್ತದೆ. ಕೊಬ್ಬು ಕಡಿಮೆಯಾದ್ದರಿಂದ ಔಷಧ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಘಟ್ಟದಲ್ಲಿ ವಾಂತಿಯಾಗುವ ನಾಯಿಗೆ ಬೇರೆ ಮದ್ದಿದೆ, ಅದನ್ನು ಪಶುವೈದ್ಯರೇ ಬರೆದುಕೊಡಬೇಕು.

ಮಿಜಾರು ಮುಟ್ಟಿದ ಮೇಲೆ ಹವೆಯೇ ಬೇರೆ. ಮುಧೋಳ ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿ ಗಾಳಿಯೆಲ್ಲ ತೇವ. ನಾಯಿ ನಾಲಿಗೆ ಚಾಚಿ ತೇವ ಆರಿಸಿಯೇ ಮೈ ತಂಪು ಮಾಡಿಕೊಳ್ಳುವುದು, ಗಾಳಿಯಲ್ಲಿ ನೀರಿನಂಶ ಹೆಚ್ಚಿದಷ್ಟೂ ಅದು ಕಷ್ಟ. ಮೊದಲ ವಾರಗಳಲ್ಲಿ ಓಟ ಬೆಳಗಿನ ಜಾವಕ್ಕಷ್ಟೇ ಇರಲಿ. ತೋಟದ ಹುಲ್ಲಲ್ಲಿ ಉಣ್ಣಿ ಕಾದಿರುತ್ತದೆ. ಗಿಡ್ಡ ಕೂದಲಿನ ಈ ಮೈಯಲ್ಲಿ ಬೆರಳಾಡಿಸಿದರೆ ಅದು ಸುಲಭವಾಗಿ ಸಿಗುತ್ತದೆ, ಕಿವಿಯ ಒಳಮಡಿಕೆ ಮತ್ತು ಕಾಲ್ಬೆರಳ ಸಂದಿ ಮರೆಯಬಾರದು. ಉಣ್ಣಿ ಜ್ವರದಲ್ಲಿ ಕೆಂಪು ರಕ್ತಕಣ ಇಳಿಯುತ್ತದೆ. ಗ್ರೇಹೌಂಡ್‌ಗಳ ರಕ್ತದಲ್ಲಿ ಈ ಕಣಗಳ ಪಾಲು ಆರೋಗ್ಯದಲ್ಲಿದ್ದಾಗಲೇ ಶೇಕಡ 50 ದಾಟಿರುವುದು ಸಾಮಾನ್ಯ; ಬೇರೆ ನಾಯಿಗೆ ಸರಿಯೆನಿಸುವ ಶೇಕಡ 40 ಇವುಗಳಲ್ಲಿ ರಕ್ತಹೀನತೆಯ ಸೂಚನೆಯಾಗಬಹುದು. ಆದ್ದರಿಂದ ಸೈಟ್‌ಹೌಂಡ್ ತಂದವರು ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಲಸಿಕೆಯ ಪುಸ್ತಕದೊಳಗೆ ಇಟ್ಟುಕೊಳ್ಳುವುದು ಲೇಸು. ಜ್ವರ ಬಂದ ದಿನ ಪಶುವೈದ್ಯರು ಹೋಲಿಸಿ ನೋಡಲು ಕೇಳುವುದು ಅದನ್ನೇ.